ಮೂವತ್ತರ ದಶಕವೂ ಅದರ ವಾಕ್ಚಿತ್ರಗಳೂ

ಸ್ವಾತಂತ್ರ್ಯ ಸಂಗ್ರಾಮದ ಕಾಲವನ್ನು ತೆರೆಯ ಮೇಲೆ ತೋರಿಸಬೇಕೆಂದು ಇಂದಿನ ಚಿತ್ರನಿರ್ಮಾಪಕರು ಹೊರಟರೆಂದರೆ ಅವರು ಕೂಡಿಸುವ ಸಾಮಗ್ರಿಯು ಬಹುಮಟ್ಟಿಗೆ ಗೊತ್ತಾದದ್ದೇ. ಹಲ್ಲು ಕಡಿಯುವ ಬಿಳಿಯ ಅಧಿಕಾರಿ, ಕುದುರೆಯ ಪೋಲೀಸರು, ಲಾಠಿ, ಧ್ವಜ, ಕೊನೆಗೊಂದು ಗುಂಡಿನ ಸದ್ದು. ಇಷ್ಟು ಒದಗಿತೆಂದರೆ ೧೯೩೦ನೆಯ ದಶಕವು ಸಿದ್ಧವಾಯಿತೆಂದು ಅವರ ಭಾವನೆ. ಇಂತಹ ಚಿತ್ರಗಳನ್ನು ನೋಡಿ ಚಪ್ಪಾಳೆ ತಟ್ಟುವವರನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಆ ದಶಕದ ಜೀವವು ಯಾವ ಚಿತ್ರಗಳಲ್ಲಿ ನೆಲೆಸಿದೆಯೆಂದು ಯಾರಾದರೂ ಕೇಳಿದರೆ, ಆ ಹತ್ತು ವರ್ಷಗಳೊಳಗೇ ತಯಾರಾಗಿ ಅಂದಿನ ಜನರು ಕಾಸು ಕೊಟ್ಟು ನೋಡಿದ ಚಿತ್ರಗಳನ್ನು ತೋರಿಸಬೇಕೇ ಹೊರತು ಎಂಬತ್ತು ವರ್ಷಗಳ ಮೇಲೆ ಹೊಲಿಸಿದ ಖಾಕಿ ಉಡುಪುಗಳನ್ನಲ್ಲ. ಅಂದಿನ ಚಿತ್ರಗಳಲ್ಲಿ ಬಿಳಿಯ ಅಧಿಕಾರಿಯ ಅಟ್ಟಹಾಸವನ್ನು ಕಾಣುವುದು ದುರ್ಲಭ. ಆದರೂ ಸತ್ಯಾಗ್ರಹವು ಅವುಗಳಲ್ಲಿ ಉಂಟು. ಅದು ಬೀದಿಯಲ್ಲಿಲ್ಲ, ಮನೆಯೊಳಗೆ ನಡೆದಿದೆ.

ಇದಕ್ಕೆ ಕಾರಣವು ಸ್ಪಷ್ಟವಾದದ್ದು. ೧೯೧೮ರ ಚಲಚ್ಚಿತ್ರ ಕಾಯಿದೆಯ ಮೇರೆಗೆ ೧೯೨೦ರಲ್ಲಿ ಮುಂಬಯಿ, ಕಲ್ಕತ್ತ, ಮದರಾಸು, ರಂಗೂನುಗಳಲ್ಲಿ ಪರೀಕ್ಷಕ ಮಂಡಲಿಗಳು ಏರ್ಪಟ್ಟುವು. ಪೋಲೀಸು ಅಧಿಕಾರಿಗಳ ಕೈಯಲ್ಲಿಯೇ ಅವುಗಳ ಸೂತ್ರವಿತ್ತು. ೧೯೨೧ರ ‘ಭಕ್ತ ವಿದುರ’ ಎಂಬ ಮೂಕಚಿತ್ರದಲ್ಲಿ ವಿದುರನ ವೇಷವು ಗಾಂಧೀಜಿಯವರನ್ನು ನೆನಪಿಗೆ ತರುವಂತಿದೆಯೆಂದು ಅದನ್ನು ಮದರಾಸು, ಕರಾಚಿಗಳಲ್ಲಿ ನಿಷೇಧಿಸಿದರು. ಪ್ರೇಮಚಂದರು ಕಥೆ ಬರೆದ, ಗಿರಣಿ ಕಾರ್ಮಿಕರ ಚಿತ್ರವಾದ ‘ಮಿಲ್’ ೧೯೩೪ರಲ್ಲಿ ಮುಂಬಯಿಯ ಮಂಡಲಿಯ ಕೋಪಕ್ಕೆ ಗುರಿಯಾಯಿತು. ಶಾಂತಾರಾಮರು ಸಂತ ಏಕನಾಥರನ್ನು ಕುರಿತು ೧೯೩೫ರಲ್ಲಿ ತೆಗೆದ ಚಿತ್ರಕ್ಕೆ ‘ಮಹಾತ್ಮಾ’ ಎಂದು ಹೆಸರಿಟ್ಟಿದ್ದರು. ಆ ಒಂದು ಶಬ್ದವನ್ನೂ ಅಧಿಕಾರಿಗಳು ಸಹಿಸಲಿಲ್ಲ. ‘ಧರ್ಮಾತ್ಮಾ’ ಎಂದು ಬದಲಾಯಿಸಿದ ಮೇಲೆಯೇ ಚಿತ್ರವು ಹೊರಬಿದ್ದಿತು. ಸಂತನ ಪಾತ್ರವನ್ನು ವಹಿಸಿದ್ದವರು ಸಾಕ್ಷಾತ್ ಬಾಲಗಂಧರ್ವರು! ಇಂತಹ ಕಾಲದಲ್ಲಿ ದಂಡೀಯಾತ್ರೆಯನ್ನಾಗಲಿ, ನಮ್ಮ ಅಂಕೋಲೆಯ ಕಡಲ ತೀರದಲ್ಲಿ ೧೯೩೦ರ ಏಪ್ರಿಲಿನಲ್ಲಿ ನಡೆದ ಉಪ್ಪಿನ ಸತ್ಯಾಗ್ರಹವನ್ನಾಗಲಿ ಕಥಾಚಿತ್ರದಲ್ಲಿ ತೋರಿಸುವ ಮಾತೆಲ್ಲಿ ಬಂತು? ಮನಸ್ಸಿನಲ್ಲಿದ್ದುದನ್ನು ಹೇಳುವುದಕ್ಕೆ ನಿರ್ಮಾಪಕರಿಗೆ ಎರಡೇ ಸ್ಥಳಗಳು ಉಳಿದಿದ್ದುವು. ಒಂದು ದೇವರ ಮನೆ, ಇನ್ನೊಂದು ನಡುಮನೆ.

ಈ ದಶಕದ ಪ್ರಸ್ತಾಪ ಬಂದಾಗ ಬಲ್ಲವರು ಮೊದಲು ಹೆಸರಿಸುವುದು ಬಾಂಬೆ ಟಾಕೀಸಿನವರ ‘ಅಛೂತ್ ಕನ್ಯಾ’ ಚಿತ್ರವನ್ನು. ೧೯೩೨ರ ಯರವಡಾ ಉಪವಾಸ, ಅದರ ಬೆನ್ನಿಗೇ ಗಾಂಧೀಜಿಯವರು ದೇಶವನ್ನೆಲ್ಲ ಸುತ್ತಿ ೧೯೩೪ರಲ್ಲಿ ಕನ್ನಡನಾಡಿಗೂ ಬಂದ ಅಸ್ಪೃಶ್ಯತಾ ನಿವಾರಣೆಯ ಯಾತ್ರೆ, ಇವುಗಳಿಂದ ಜನರ ಮನಸ್ಸು ಕದಡಿದ್ದಾಗ, ೧೯೩೬ರಲ್ಲಿ ಈ ಚಿತ್ರವು ಬಂದಿತು. ರೈಲ್ವೆ ಗೇಟು ಕಾಯುವವನ ಮಗಳಾಗಿ ದೇವಿಕಾರಾಣಿಯವರೂ ಬ್ರಾಹ್ಮಣರ ಹುಡುಗನಾಗಿ ಅಶೋಕಕುಮಾರರೂ ಕಾಣಿಸಿಕೊಂಡರು. ಚಿತ್ರವು ನಿಜವಾಗಿಯೂ ಧೈರ್ಯದ ಕೆಲಸವೇ. ಆದರೆ ನಾವು ಅದಕ್ಕೆ ಅಗ್ರಸ್ಥಾನವನ್ನು ಕೊಡಲಾರೆವು. ಕಥೆಯು ಬಿಡಿಸಲಾರದ ಗಂಟಿಗೆ ಬಂದೊಡನೆಯೇ ಹುಡುಗಿಯನ್ನು ರೈಲಿಗೆ ಬಲಿಕೊಟ್ಟು ಮುಗಿಸಿಬಿಡುತ್ತಾರೆ. ನೋಡಿದವನು ಕಣ್ಣೊರಸಿಕೊಂಡು ಮನೆಗೆ ಹೋದರೆ ತೀರಿತು. ಅವನಿಗೆ ಮಾಡಬೇಕಾದ ಕೆಲಸವೇನೂ ಉಳಿಯುವುದಿಲ್ಲ. ಅದೇ ೧೯೩೬ರಲ್ಲಿ ಡಾಕ್ಟರ್ ಅಂಬೇಡ್ಕರರು ಜಾತಿಯ ವಿನಾಶವನ್ನು ಕುರಿತ ತಮ್ಮ ಭಾಷಣವನ್ನು ಸ್ವಂತ ಖರ್ಚಿನಿಂದ ಅಚ್ಚುಹಾಕಿಸಿ ಹೊರತಂದಿದ್ದರು. ಅವರು ಎತ್ತಿದ್ದ ಪ್ರಶ್ನೆಗೆ ಕಂಬನಿಯು ಉತ್ತರವಾಗಲಾರದು. ಇನ್ನು ನಾಯಕಿಯ ತೀಡಿದ ಹುಬ್ಬುಗಳ ಮಾತನ್ನು ಎತ್ತದಿರುವುದೇ ಲೇಸು. ದೇವಿಕಾರಾಣಿಯವರು ಮುಂದೆ ಬೆಂಗಳೂರಿನ ಸಮೀಪದ ತಾತಗುಣಿಯಲ್ಲಿ ನೆಲೆಸಿ ೧೯೯೪ರಲ್ಲಿ ತೀರಿಕೊಂಡರು. ನಮ್ಮ ನಾಡಿನವರೇ ಆಗಿಹೋಗಿದ್ದವರ ಬಗ್ಗೆ ಇದಕ್ಕಿಂತ ಕಠಿಣವಾಗಿ ಬರೆಯುವ ಮನಸ್ಸು ನಮಗಿಲ್ಲ.

ಅದೇ ವರ್ಷದ ಪ್ರಭಾತ ಕಂಪನಿಯ ‘ಸಂತ ತುಕಾರಾಮ’ವು ಬೇರೊಂದು ಜಾತಿಯ ಚಿತ್ರ. ಮೂರು ಶತಮಾನಗಳ ಹಿಂದಿನ ಸಂತನ ಕಥೆಯು ಮೂವತ್ತರ ದಶಕವನ್ನು ಹೇಗೆ ತೋರಿಸೀತೆಂದು ಕೆಲವರು ಕೇಳಬಹುದು. ದಾಮಲೆ, ಫತ್ತೇಲಾಲರು ತೆಗೆದ ಈ ಚಿತ್ರವು ಮುಂಬಯಿಯ ಒಂದೇ ಚಿತ್ರಮಂದಿರದಲ್ಲಿ ೫೭ ವಾರ ನಡೆಯಿತು. ವೆನಿಸ್ ನಗರದ ಚಿತ್ರೋತ್ಸವದಲ್ಲಿ ೧೯೩೭ರಲ್ಲಿ ಮನ್ನಣೆ ಪಡೆಯಿತು. ಬರಿಯ ಪವಾಡಗಳ ಆಸೆಯಿಂದ ಜನರು ವರ್ಷಕ್ಕೂ ಮಿಕ್ಕಿ ಬಂದರೆಂದು ನಾವು ನಂಬುವುದಿಲ್ಲ. ಧರ್ಮದ ಅಧಿಕಾರವನ್ನು ಮುಷ್ಟಿಯಲ್ಲಿಟ್ಟುಕೊಂಡವನ ಎದುರಿಗೆ ಒಬ್ಬ ಬಡ ಶೂದ್ರನು ಕೈಯೆತ್ತದೆ, ಬೈಯದೆ, ತನ್ನ ಮಾತನ್ನೂ ಬಿಡದೆ ನಿಲ್ಲುವುದನ್ನು ಅವರು ಕಂಡರು. ಹಾಗೆ ನಿಂತವರು ಅವರವರ ಊರುಗಳಲ್ಲಿಯೂ ಇದ್ದರು, ಹಲವರು ಆಗ ಸೆರೆಮನೆಯಿಂದ ಬಂದವರು. ವಿಷ್ಣುಪಂತ ಪಾಗನೀಸರ ತುಕಾರಾಮನಿಗಿಂತಲೂ ನಮಗೆ ಮೆಚ್ಚಾದವಳು ಅವನ ಹೆಂಡತಿ. ಎಮ್ಮೆಯನ್ನು ನೋಡಿಕೊಂಡು, ಹಿಟ್ಟಿನ ಡಬ್ಬಿಯ ತಳವನ್ನು ಕೆರೆದು, ಮಗುವಿಗೆ ಕಾಯಿಲೆಯಾದರೆ ದೇವರನ್ನೇ ನಿಂದಿಸುವ ಆ ಹೆಣ್ಣುಮಗಳು ಸಂತನ ಮನೆಯಲ್ಲಿ ಹಸಿವೆಯ ಪರವಾಗಿ ವಾದಿಸುವ ವಕೀಲಳಿದ್ದಂತೆ. ದೇಶಸೇವೆಗೆಂದು ಗಂಡಂದಿರು ಹೊರಟುಹೋದ ಎಷ್ಟೋ ಮನೆಗಳ ಗೃಹಿಣಿಯರು ಅವಳಲ್ಲಿ ತಮ್ಮನ್ನೇ ಕಂಡಿರಬೇಕು.

ಆದರೂ ಒಂದೇ ಚಿತ್ರವನ್ನು ಆರಿಸಬೇಕೆಂದರೆ ನಮ್ಮ ಮತವು ‘ಕುಂಕೂ’ ಚಿತ್ರಕ್ಕೆ. ನಾರಾಯಣ ಹರಿ ಆಪಟೆಯವರ ಮರಾಠಿ ಕಾದಂಬರಿಯೊಂದನ್ನು ಆಧರಿಸಿ ಶಾಂತಾರಾಮರು ೧೯೩೭ರಲ್ಲಿ ತೆಗೆದ ಈ ಚಿತ್ರವು ಹಿಂದಿಯಲ್ಲಿ ‘ದುನಿಯಾ ನ ಮಾನೆ’ ಎಂದು ಪ್ರಸಿದ್ಧವಾಯಿತು. ತಂದೆತಾಯಿಗಳಿಲ್ಲದ ನೀರಾ ಎಂಬ ಹುಡುಗಿಯನ್ನು ಅವಳ ಸೋದರಮಾವನು ವಂಚನೆಯಿಂದ ಒಬ್ಬ ವೃದ್ಧ ವಕೀಲನಿಗೆ ಕೊಟ್ಟು ಮದುವೆ ಮಾಡುತ್ತಾನೆ. ವೃದ್ಧವಿವಾಹ, ಕನ್ಯಾವಿಕ್ರಯಗಳು ನಮಗೆ ಹೊಸ ವಿಷಯಗಳಲ್ಲ. ಸೂರಿ ವೆಂಕಟರಮಣಶಾಸ್ತ್ರಿಗಳು ‘ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ’ವನ್ನು ೧೮೮೭ರಷ್ಟು ಹಿಂದೆಯೇ ಬರೆದು ಕನ್ನಡಿಗರನ್ನು ನಗಿಸಿದ್ದರು, ನಾಚಿಸಿಯೂ ಇದ್ದರು. ಬಾಲ್ಯವಿವಾಹವನ್ನು ತಡೆಯುವ ಶಾರದಾ ಕಾಯಿದೆಯು ೧೯೩೦ರ ಏಪ್ರಿಲಿನಿಂದ ಜಾರಿಗೆ ಬಂದಿತ್ತು. ಆದರೆ ಮದುವೆಯಾಗಿಹೋದ ಮೇಲೆ ಆ ಹುಡುಗಿಯು ಮಾಡಬೇಕಾದುದೇನು? ಕಾಯಿದೆಯು ಅದನ್ನು ಹೇಳಲಿಲ್ಲ. ಪ್ರಹಸನವು ಅಲ್ಲಿಯವರೆಗೆ ಹೋಗಲಿಲ್ಲ.

ನೀರಾ ಏನು ಮಾಡುತ್ತಾಳೆಂದರೆ, ಒಪ್ಪುವುದಿಲ್ಲ. ಓಡಿಹೋಗುವುದಿಲ್ಲ, ಬಾವಿಗೆ ಬೀಳುವುದಿಲ್ಲ, ವಿಷ ಬೆರೆಸುವುದಿಲ್ಲ. ಅದೇ ಮನೆಯಲ್ಲಿದ್ದುಕೊಂಡು, ಬಂದ ಕಷ್ಟವನ್ನೆಲ್ಲ ಮೈಮೇಲೆ ತೆಗೆದುಕೊಂಡು, ಈ ಮದುವೆಯು ಮದುವೆಯಲ್ಲವೆಂದು ಮುಖಕ್ಕೆ ಮುಖ ಕೊಟ್ಟು ಹೇಳುತ್ತಾಳೆ. ಅನ್ಯಾಯಕ್ಕೆ ಸಹಕಾರ ಕೊಡೆನೆಂಬುದು, ಅದರ ಫಲವನ್ನು ತಾನೇ ಅನುಭವಿಸುವುದು, ಎದುರಾಳಿಯ ಅಂತಃಕರಣವು ಎಚ್ಚರಗೊಳ್ಳುವ ತನಕ ಕಾಯುವುದು: ಇದು ಯಾವ ಶಾಸ್ತ್ರವೆಂದು ೧೯೩೭ರಲ್ಲಿ ಯಾವ ಹಳ್ಳಿಯ ಹುಡುಗನಾದರೂ ಹೇಳಬಲ್ಲವನಾಗಿದ್ದ. ಕತ್ತರಿ ಹಿಡಿದು ಕುಳಿತಿದ್ದ ಅಧಿಕಾರಿಗಳಿಗೆ ಮಾತ್ರ ಅದು ಗೊತ್ತಾಗಲಿಲ್ಲ. ಅವರು ಚರಕವನ್ನೂ ಬಿಳಿಯ ಟೋಪಿಯನ್ನೂ ಹುಡುಕುತ್ತಿದ್ದರು.

ಚಿತ್ರದ ದೊಡ್ಡತನವು ಮುದುಕನ ಪಾತ್ರದಲ್ಲಿಯೂ ಇದೆ. ಕೇಶವರಾವ್ ದಾತೆಯವರು ಅವನನ್ನು ರಾಕ್ಷಸನನ್ನಾಗಿ ಮಾಡಲಿಲ್ಲ. ಅವನು ಮರ್ಯಾದಸ್ಥ, ಓದಿದವನು, ನಮ್ಮ ನಿಮ್ಮ ಬೀದಿಯವನು. ಲೋಕವು ಒಪ್ಪಿದೆಯೆಂಬ ಒಂದೇ ಕಾರಣದಿಂದ ಅನ್ಯಾಯ ಮಾಡಿದವನು. ಗೋಡೆಯ ಹಳೆಯ ಗಡಿಯಾರವು ಅವನ ವಯಸ್ಸನ್ನು ಹಂಗಿಸುತ್ತ ಬಡಿದುಕೊಳ್ಳುತ್ತದೆ. ಚಿತ್ರದಲ್ಲಿ ಹಿನ್ನೆಲೆಯ ವಾದ್ಯಗಳಿಲ್ಲ. ಮನೆಯ ಸಪ್ಪಳಗಳೇ ಸಂಗೀತದ ಕೆಲಸವನ್ನು ಮಾಡುತ್ತವೆ. ಶಾಂತಾ ಆಪಟೆಯವರ ನೀರಾಳ ಎದುರಿಗೆ ಅವನ ಹಠವು ದಿನದಿನಕ್ಕೆ ಕರಗುವುದನ್ನು ನೋಡುವಾಗ, ಎದುರಾಳಿಯ ಹೃದಯ ಪರಿವರ್ತನೆಯೆಂಬ ಮಾತಿಗೆ ಅಂದಿನವರು ಎಷ್ಟು ಬೆಲೆ ಕೊಟ್ಟಿದ್ದರೆಂಬುದು ತಿಳಿಯುತ್ತದೆ. ಅಂತ್ಯವು ಮಾತ್ರ ನಮಗೆ ಸಮ್ಮತವಲ್ಲ. ಆಕೆಯು ಮರುಮದುವೆಯಾಗಲೆಂದು ಬರೆದಿಟ್ಟು ಮುದುಕನು ಪ್ರಾಣ ಕಳೆದುಕೊಳ್ಳುತ್ತಾನೆ. ಅವನು ಬದುಕಿದ್ದು ಆಕೆಯನ್ನು ಬಿಡುಗಡೆ ಮಾಡಿದ್ದರೆ ಕಾನೂನು ಏನೆನ್ನುತ್ತಿತ್ತು, ನೆರೆಹೊರೆಯವರು ಏನೆನ್ನುತ್ತಿದ್ದರು ಎಂಬ ಕಷ್ಟದ ಪ್ರಶ್ನೆಯನ್ನು ಕಥೆಗಾರರು ತಪ್ಪಿಸಿಕೊಂಡರು.

ಆ ಪ್ರಶ್ನೆಯನ್ನು ಎರಡು ವರ್ಷಗಳ ತರುವಾಯ ಮದರಾಸಿನ ಕೆ. ಸುಬ್ರಹ್ಮಣ್ಯಂ ಅವರು ‘ತ್ಯಾಗಭೂಮಿ’ಯಲ್ಲಿ ನ್ಯಾಯಾಲಯದವರೆಗೂ ಒಯ್ದರು. ಕಲ್ಕಿಯವರ ಆ ಕಥೆಯಲ್ಲಿ, ಒಮ್ಮೆ ತಿರಸ್ಕರಿಸಿದ ಹೆಂಡತಿಯ ಮೇಲೆ ಗಂಡನು ತನ್ನ ಹಕ್ಕಿಗಾಗಿ ದಾವೆ ಹೂಡುತ್ತಾನೆ. ಆಕೆಯು ಅವನೊಡನೆ ಹೋಗಲು ಒಪ್ಪದೆ, ಬೇಕಾದರೆ ಅವನಿಗೆ ತಾನೇ ಜೀವನಾಂಶ ಕೊಡುವೆನೆನ್ನುತ್ತಾಳೆ. ಇಲ್ಲಿ ದೇಶಸೇವೆಯ ಮಾತು ಮುಚ್ಚುಮರೆಯಿಲ್ಲದೆ ಬಂದಿತು. ಸರ್ಕಾರಕ್ಕೆ ಈ ಸಲ ಅರ್ಥವಾಯಿತು, ಚಿತ್ರವನ್ನು ನಿಷೇಧಿಸಿದರು.

ಇಷ್ಟೆಲ್ಲ ಬರೆದ ಮೇಲೆ ವಾಚಕರು ಕೇಳಬೇಕಾದ ಪ್ರಶ್ನೆಯೊಂದಿದೆ. ಮರಾಠಿಯಾಯಿತು, ಹಿಂದಿಯಾಯಿತು, ತಮಿಳಾಯಿತು, ಕನ್ನಡವೆಲ್ಲಿ? ಉತ್ತರವು ದುಃಖಕರವಾದದ್ದು. ನಮ್ಮ ಪ್ರಥಮ ವಾಕ್ಚಿತ್ರ ‘ಸತಿ ಸುಲೋಚನಾ’ ತಯಾರಾದದ್ದು ಕೊಲ್ಲಾಪುರದಲ್ಲಿ. ಬೆಂಗಳೂರಿನಲ್ಲಿ ತೆರೆ ಕಂಡದ್ದು ೧೯೩೪ರ ಮಾರ್ಚಿ ೩ರಂದು. ಆರ್. ನಾಗೇಂದ್ರರಾಯರು ರಾವಣ, ಸುಬ್ಬಯ್ಯ ನಾಯುಡು ಅವರು ಇಂದ್ರಜಿತು. ಆ ಚಿತ್ರದ ಪ್ರತಿ ಉಳಿದಿಲ್ಲ. ಅದೇ ವರ್ಷದ ‘ಭಕ್ತ ಧ್ರುವ’ವೂ ಉಳಿದಿಲ್ಲ. ಎಚ್.ಎಲ್.ಎನ್. ಸಿಂಹರ ‘ಸಂಸಾರ ನೌಕಾ’ವು ೧೯೩೬ರಲ್ಲಿ ಬಂದ ನಮ್ಮ ಮೊದಲ ಸಾಮಾಜಿಕ ಚಿತ್ರ, ಪಂತುಲು ಅವರೂ ಎಂ.ವಿ. ರಾಜಮ್ಮನವರೂ ಬೆಳಕಿಗೆ ಬಂದದ್ದು ಅದರಲ್ಲಿ. ‘ಕುಂಕೂ’ವಿಗಿಂತ ಒಂದು ವರ್ಷ ಹಿಂದೆಯೇ ಕನ್ನಡದ ನಡುಮನೆಯಲ್ಲಿ ಏನು ಮಾತು ನಡೆದಿತ್ತೆಂಬುದನ್ನು ನೋಡಿ ತೂಗುವ ಅವಕಾಶವು ಇಂದಿನ ಸಾಮಾನ್ಯ ಪ್ರೇಕ್ಷಕನಿಗಿಲ್ಲ. ಅದಿರಲಿ, ಹುಬ್ಬಳ್ಳಿಯ ಬಳಿಯ ಅದರಗುಂಚಿಯಲ್ಲಿ ಹುಟ್ಟಿದ ಶಾಂತಾ ಹುಬಳೀಕರರನ್ನು ನೋಡಬೇಕಾದರೂ ನಾವು ೧೯೩೯ರ ಮರಾಠಿ ‘ಮಾಣೂಸ’ಕ್ಕೇ ಹೋಗಬೇಕು.

ಇದಕ್ಕೆ ಪರಕೀಯ ಸರ್ಕಾರವನ್ನು ದೂರಿ ಫಲವಿಲ್ಲ. ಅಂದಿನ ಫಿಲ್ಮು ನೈಟ್ರೇಟಿನದು. ತಾನಾಗಿ ಹಾಳಾಗುವ, ಸುಲಭವಾಗಿ ಹೊತ್ತಿಕೊಳ್ಳುವ ಪದಾರ್ಥ. ಅದರಲ್ಲಿದ್ದ ಬೆಳ್ಳಿಯ ಆಸೆಗೆ ಹಳೆಯ ಸುರುಳಿಗಳನ್ನು ಕರಗಿಸಿದವರೂ ಉಂಟು. ಪುಣೆಯಲ್ಲಿ ರಾಷ್ಟ್ರೀಯ ಚಿತ್ರಸಂಗ್ರಹಾಲಯವು ಸ್ಥಾಪಿತವಾದದ್ದು ೧೯೬೪ರಲ್ಲಿ. ನಮ್ಮ ಮೊದಲ ಚಿತ್ರಕ್ಕೆ ಆಗ ಮೂವತ್ತು ವರ್ಷ ತುಂಬಿಹೋಗಿತ್ತು. ಅಲ್ಲಿಯೂ ೨೦೦೩ರಲ್ಲಿ ಬೆಂಕಿ ಬಿದ್ದು ಅನೇಕ ಹಳೆಯ ಚಿತ್ರಗಳು ಸುಟ್ಟುವು. ಚಿತ್ರೋತ್ಸವಗಳಿಗೆ ಹಣ ಒದಗಿಸಬಲ್ಲ ನಮ್ಮ ಸರ್ಕಾರವು ೧೯೫೦ಕ್ಕೆ ಹಿಂದಿನ ಕನ್ನಡ ಚಿತ್ರಗಳ ಶೋಧಕ್ಕೆಂದು ಇಬ್ಬರು ತಿಳಿದವರನ್ನು ನೇಮಿಸಿ, ಮದರಾಸು, ಕೊಲ್ಲಾಪುರ, ಪುಣೆಗಳ ಹಳೆಯ ಉಗ್ರಾಣಗಳಿಗೆ ಕಳುಹಿಸಲಿ. ಟೂರಿಂಗ್ ಟಾಕೀಸು ನಡೆಸಿದ ಮನೆತನಗಳು, ನಾಟಕ ಕಂಪನಿಗಳ ವಾರಸುದಾರರು ನಮ್ಮ ಜಿಲ್ಲೆಗಳಲ್ಲಿ ಇನ್ನೂ ಇದ್ದಾರೆ. ಅವರ ಅಟ್ಟಗಳ ಮೇಲೆ ತಗಡಿನ ದುಂಡನೆಯ ಡಬ್ಬಿಗಳೇನಾದರೂ ಇದ್ದರೆ ಗುಜರಿಗೆ ಹಾಕದೆ, ದೀಪ ಹಿಡಿದು ತೆರೆಯಲೂ ಹೋಗದೆ, ಬಿಸಿಲು ಬೆಂಕಿಗಳಿಂದ ದೂರವಿಟ್ಟು ಪುಣೆಯ ಸಂಗ್ರಹಾಲಯಕ್ಕಾಗಲಿ ನಮ್ಮ ಕಾರ್ಯಾಲಯಕ್ಕಾಗಲಿ ಒಂದು ಕಾಗದ ಬರೆಯಬೇಕೆಂದು ಪ್ರಾರ್ಥಿಸುತ್ತೇವೆ.