ಅರಳುಮರಳೋ, ಕಿವಿ ಮಂದವೋ?

ಅರವತ್ತಕ್ಕೆ ಅರಳುಮರಳು ಎಂಬ ಮಾತು ನಮ್ಮಲ್ಲಿ ಎಷ್ಟು ರೂಢಿಯಾಗಿದೆಯೆಂದರೆ, ಮನೆಯ ಹಿರಿಯರು ಕೇಳಿದ್ದಕ್ಕೆ ಉತ್ತರ ಕೊಡದಿದ್ದರೆ, ಕೊಟ್ಟರೂ ಅಸಂಬದ್ಧವಾಗಿದ್ದರೆ, ಬೇರೆ ಕಾರಣ ಹುಡುಕುವ ಗೋಜಿಗೇ ನಾವು ಹೋಗುವುದಿಲ್ಲ. ‘ಅಪ್ಪನಿಗೆ ಮರೆವು ಶುರುವಾಯಿತು’ ಎಂದು ತೀರ್ಮಾನಿಸಿಬಿಡುತ್ತೇವೆ.

ಮೈಸೂರಿನ ಹೂಟಗಳ್ಳಿಯಂಥ ಕೈಗಾರಿಕಾ ಪ್ರದೇಶದಲ್ಲಿ ಈ ತೀರ್ಮಾನ ತಪ್ಪುವ ಸಂಭವ ಹೆಚ್ಚು. ದಿನಕ್ಕೆ ಎಂಟು ಗಂಟೆಯಂತೆ ವರ್ಷಗಟ್ಟಲೆ 85 ಡೆಸಿಬಲ್‌ಗಿಂತ ಹೆಚ್ಚಿನ ಸದ್ದಿನಲ್ಲಿ ಯಂತ್ರದ ಮುಂದೆ ನಿಂತವರ ಒಳಗಿವಿಯಲ್ಲಿ ಕೂದಲಿನಂಥ ಸೂಕ್ಷ್ಮ ಕೋಶಗಳು ನಾಶವಾಗುತ್ತವೆ. ಅವು ಮತ್ತೆ ಹುಟ್ಟುವುದಿಲ್ಲ. ನೋವಿಲ್ಲದ್ದರಿಂದ ಗೊತ್ತೂ ಆಗುವುದಿಲ್ಲ. ಮೊದಲು ಮಸುಕಾಗುವುದು ಮೊಮ್ಮಕ್ಕಳ ಎಳೆಯ ದನಿ, ಸ-ಶಗಳಂಥ ಅಕ್ಷರಗಳು. ಸದ್ದು ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ‘ಬೇಕಾದದ್ದು ಮಾತ್ರ ಕೇಳಿಸುತ್ತೆ ನಿಮಗೆ’ ಎಂದು ಮನೆಯಾಕೆ ಗೊಣಗುವುದು ಇದಕ್ಕೇ!

ಇದು ಕಿವಿಯಲ್ಲೇ ನಿಲ್ಲುವುದಿಲ್ಲ. ಅರ್ಧಂಬರ್ಧ ಕೇಳಿದ್ದನ್ನು ಜೋಡಿಸಿಕೊಳ್ಳಲು ಮಿದುಳು ಹೆಣಗಬೇಕು. ಪದೇ ಪದೇ ‘ಆಂ?’ ಎನ್ನಲು ನಾಚಿ ಹಿರಿಯರು ಮೂಲೆ ಸೇರುತ್ತಾರೆ. ಮರೆಗುಳಿ ರೋಗಗಳಲ್ಲಿ ಸುಮಾರು ಶೇ. 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಅಂದಾಜು ಮಾಡಿತು. ಅದು ಗುರುತಿಸಿದ 14 ಕಾರಣಗಳಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಒಂಟಿತನ ಎಲ್ಲವೂ ಇವೆ. ಆದರೆ ದೊಡ್ಡ ಪಾಲು ಎರಡಕ್ಕೆ: ಕೆಟ್ಟ ಕೊಲೆಸ್ಟೆರಾಲ್ ಮತ್ತು ಕಿವುಡುತನ.

ಹಾಗೆಂದು ಶ್ರವಣ ಸಾಧನ ಹಾಕಿಕೊಂಡವರೆಲ್ಲ ಮರೆವಿನಿಂದ ಪಾರು ಎಂದರೆ ಸುಳ್ಳಾದೀತು. 2023ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ 70ರಿಂದ 84 ವಯಸ್ಸಿನವರನ್ನು ಮೂರು ವರ್ಷ ಗಮನಿಸಿದಾಗ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಅಪಾಯ ಹೆಚ್ಚಿದ್ದ ಗುಂಪಿನಲ್ಲಿ ಮಾತ್ರ ಬುದ್ಧಿಶಕ್ತಿ ಕುಂದುವ ವೇಗ ಶೇ. 48ರಷ್ಟು ತಗ್ಗಿತ್ತು.

ಕನ್ನಡಕಕ್ಕೆ ಇಲ್ಲದ ನಾಚಿಕೆ ಕಿವಿಯ ಯಂತ್ರಕ್ಕೇಕೆ? ಕೊಂಡವರೂ ವಾರದೊಳಗೆ ಅದನ್ನು ಬೀರುವಿಗೆ ಸೇರಿಸುತ್ತಾರೆ. ಮೊದಮೊದಲು ಪಾತ್ರೆಯ ಸದ್ದೂ ಸುತ್ತಿಗೆ ಹೊಡೆದಂತಿರುತ್ತದೆ, ನಿಜ. ಹೊಂದಿಕೊಳ್ಳಲು ಮಿದುಳಿಗೆ ಕೆಲವು ವಾರಗಳಾದರೂ ಬೇಕು. ಯಂತ್ರವನ್ನೂ ಮತ್ತೆ ಸರಿಹೊಂದಿಸಬೇಕಾಗುತ್ತದೆ. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮಾನಸಗಂಗೋತ್ರಿಯಲ್ಲೇ ಇದೆ. ಹೂಟಗಳ್ಳಿಯಿಂದ ಕೆಲವೇ ಕಿಲೋಮೀಟರ್. ಬರೀ ಗುಗ್ಗೆ ಕಟ್ಟಿದ್ದರೆ ಅದೂ ಪರೀಕ್ಷೆಯಲ್ಲಿ ತಿಳಿಯುತ್ತದೆ.

ಅಲ್ಲಿಯವರೆಗೆ ಕಿರುಚಬೇಡಿ. ಟಿ.ವಿ. ಆರಿಸಿ, ಎದುರು ಕುಳಿತು ನಿಧಾನವಾಗಿ ಮಾತನಾಡಿಸಿ. ಆಗ ಸರಿಯಾಗಿ ಉತ್ತರಿಸಿದರೆ ಮೊದಲ ಸಂಶಯ ಕಿವಿಯ ಮೇಲಿರಲಿ. ಪರಿಚಿತ ದಾರಿ ತಪ್ಪಿದರೆ, ಹಣದ ಲೆಕ್ಕ ಗೊಂದಲವಾದರೆ ಮಾತ್ರ ಕಾಯದೆ ನರರೋಗ ತಜ್ಞರನ್ನು ಕಾಣಬೇಕು. ಎರಡೂ ತೊಂದರೆ ಒಟ್ಟಿಗೇ ಇರಬಹುದು.

ಕಾರ್ಖಾನೆಗಳಿಗೊಂದು ಸಲಹೆ: ನಿವೃತ್ತಿಯ ದಿನ ಶಾಲು, ಹಾರದ ಜೊತೆಗೆ ಕಿವಿ ಪರೀಕ್ಷೆಯ ವರದಿಯನ್ನೂ ಕೈಗಿಡಿ.