ಕೆರೆ ಊರಿನದು, ತೂಬು ಯಾರದು?



ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ತಂತ್ರಾಂಶದ ಉದ್ಯೋಗದಲ್ಲಿದ್ದಾರೆ. ಅವರು ಮನೆಗೆ ಬಂದಾಗ ಆಡುವ ಮಾತುಗಳಲ್ಲಿ ಈಚೆಗೆ ಒಂದು ಚರ್ಚೆ ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ. ಮೈಎಸ್‌ಕ್ಯುಎಲ್ ಎಂಬ ದತ್ತಸಂಚಯ ತಂತ್ರಾಂಶವನ್ನು ಇನ್ನು ಮುಂದೆಯೂ ನೆಚ್ಚಿಕೊಂಡಿರಬಹುದೇ, ಇಲ್ಲವೇ ಪೋಸ್ಟ್‌ಗ್ರೆಸ್‌ಗೆ ಹೋಗಿಬಿಡುವುದು ಲೇಸೇ? ಗಣಿತದ ಮೇಷ್ಟರಿಗೆ ಇದರಲ್ಲೇನು ಕೆಲಸವೆಂದು ನೀವು ಕೇಳಬಹುದು. ಇದು ಕೇವಲ ಯಂತ್ರದ ಪ್ರಶ್ನೆಯಲ್ಲ, ಒಡೆತನದ ಪ್ರಶ್ನೆ. ಆ ವಿಷಯದಲ್ಲಿ ನನಗೊಂದು ಖಚಿತವಾದ ಅಭಿಪ್ರಾಯವಿದೆ.

ಈ ವಿದ್ಯೆಯ ಪರಿಚಯವಿಲ್ಲದ ಬಂಧುಗಳಿಗಾಗಿ ಎರಡು ಮಾತು. ಶಾಲೆಯಲ್ಲಿ ಒಬ್ಬ ಹುಡುಗನ ಹೆಸರು ದಾಖಲಾತಿ ಪುಸ್ತಕದಲ್ಲಿ, ಹಾಜರಿ ಪುಸ್ತಕದಲ್ಲಿ, ಅಂಕಗಳ ವಹಿಯಲ್ಲಿ ಹೀಗೆ ನಾಲ್ಕಾರು ಕಡೆ ಇರುತ್ತದೆ. ತಂದೆಯ ಹೆಸರು ಒಂದೆಡೆ ರಾಮಕೃಷ್ಣಪ್ಪ, ಇನ್ನೊಂದೆಡೆ ರಾಮಕೃಷ್ಣಯ್ಯ ಎಂದಾಗಿಬಿಟ್ಟರೆ ಟಿ.ಸಿ. ಬರೆಯುವ ದಿನ ಗುಮಾಸ್ತರ ಪಾಡು ಹೇಳತೀರದು. ಹೆಸರನ್ನು ಒಂದೇ ಕಡೆ ಬರೆದು, ಮಿಕ್ಕೆಡೆ ದಾಖಲಾತಿ ಸಂಖ್ಯೆಯನ್ನಷ್ಟೇ ನಮೂದಿಸಿ, ಬೇಕಾದಾಗ ಆ ಸಂಖ್ಯೆಯ ಮೂಲಕ ಕೋಷ್ಟಕಗಳನ್ನು ಜೋಡಿಸಿ ಓದಿಕೊಳ್ಳುವ ಕ್ರಮವುಂಟಲ್ಲ, ಅದಕ್ಕೆ ಗಣಿತದ ತಳಹದಿ ಹಾಕಿಕೊಟ್ಟವನು ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಎಂಬ ವಿದ್ವಾಂಸ. ೧೯೭೦ರ ಒಂದು ಪ್ರಬಂಧದಲ್ಲಿ. ಗಣಗಳು ಮತ್ತು ಸಂಬಂಧಗಳು ಎಂದು ನಾನು ಕರಿಹಲಗೆಯ ಮೇಲೆ ಬರೆದಾಗ ‘ಇದರಿಂದೇನು ಪ್ರಯೋಜನ ಸಾರ್’ ಎಂದು ಕೊನೆಯ ಬೆಂಚಿನಿಂದ ಕೇಳುತ್ತಿದ್ದವರು ಇಂದು ಅದರಿಂದಲೇ ಅನ್ನ ಉಣ್ಣುತ್ತಿದ್ದಾರೆಂಬುದನ್ನು ಇಲ್ಲಿ ಸಂತೋಷದಿಂದ ದಾಖಲಿಸುತ್ತೇನೆ!

ಇನ್ನು ವಿಷಯಕ್ಕೆ ಬರೋಣ. ಮೈಎಸ್‌ಕ್ಯುಎಲ್ ೧೯೯೫ರಲ್ಲಿ ಹುಟ್ಟಿತು. ಮೈಕೆಲ್ ವಿಡೇನಿಯಸ್ ಎಂಬ ಫಿನ್ಲೆಂಡಿನ ತಂತ್ರಜ್ಞ ತನ್ನ ಹಿರಿಯ ಮಗಳು ‘ಮೈ’ಯ ಹೆಸರನ್ನು ಅದಕ್ಕಿಟ್ಟನು. ೨೦೦೦ದಲ್ಲಿ ಅದು ಜಿಪಿಎಲ್ ಪರವಾನಗಿಯಡಿ ಮುಕ್ತವಾಯಿತು. ನೀವು ಸೋರ್ಸ್ ಕೋಡ್ ಎನ್ನುವ ಅದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ತಿದ್ದಿದ್ದನ್ನು ಹಂಚುವುದಾದರೆ ಅದೇ ಕಟ್ಟಳೆಯಂತೆ ಹಂಚಬೇಕು. ಆದರೆ ಹಕ್ಕುಸ್ವಾಮ್ಯವೂ ಹೆಸರೂ ಒಂದೇ ಕಂಪನಿಯ ಕೈಯಲ್ಲಿದ್ದವು. ಈ ಕಟ್ಟಳೆ ಬೇಡವೆನ್ನುವವರಿಗೆ ಬೇರೆ ಪರವಾನಗಿಯನ್ನು ಹಣಕ್ಕೆ ಕೊಡುವ ಅಧಿಕಾರವೂ ಅದಕ್ಕೇ ಇತ್ತು.

ನಮ್ಮ ಸೀಮೆಯ ಕೆರೆಗಳನ್ನು ನೆನೆದುಕೊಳ್ಳಿ. ಕೆರೆಯ ನೀರು ಊರಿಗೆಲ್ಲ ಸೇರಿದ್ದು. ತೂಬು ಎತ್ತುವವನು ನೀರುಗಂಟಿ. ಆ ನೀರುಗಂಟಿ ಊರಿನ ಸೇವಕನಾಗಿರುವವರೆಗೆ ಕೊನೆಯ ಗದ್ದೆಗೂ ನೀರು ಹರಿಯುತ್ತದೆ. ಅವನು ಒಂದು ಮನೆಯ ಆಳಾದನೆಂದರೆ ಕೆರೆ ಎಲ್ಲರದೇ ಆಗಿದ್ದರೂ ಹರಿವು ಆ ಮನೆಯವರ ಇಚ್ಛೆಯದು. ಮೈಎಸ್‌ಕ್ಯುಎಲ್‌ನಲ್ಲಿ ಆದದ್ದು ಇದೇ. ೨೦೦೮ರಲ್ಲಿ ಸನ್ ಕಂಪನಿ ಅದನ್ನು ಸುಮಾರು ನೂರು ಕೋಟಿ ಡಾಲರಿಗೆ ಕೊಂಡಿತು. ೨೦೧೦ರ ಜನವರಿಯಲ್ಲಿ ಸನ್ ಕಂಪನಿಯೇ ಒರಾಕಲ್‌ನ ವಶವಾಯಿತು. ಹಣಕ್ಕೆ ಮಾರುವ ದತ್ತಸಂಚಯದಿಂದಲೇ ಬೆಳೆದ ಒರಾಕಲ್, ಬಿಟ್ಟಿಯಾಗಿ ದೊರೆಯುವ ಪ್ರತಿಸ್ಪರ್ಧಿಗೂ ಒಡೆಯನಾಯಿತು. ಯುರೋಪಿನ ಆಯೋಗ ತಿಂಗಳುಗಟ್ಟಲೆ ವಿಚಾರಣೆ ನಡೆಸಿ ಕಡೆಗೆ ಒಪ್ಪಿಗೆ ನೀಡಿತು. ಇದನ್ನು ತಡೆಯಿರೆಂದು ವಿಡೇನಿಯಸ್ ಜನರಿಂದ ಸಹಿ ಸಂಗ್ರಹಿಸಿದಾಗ, ಮಾರಿದವನೇ ಅಳುತ್ತಿದ್ದಾನಲ್ಲ ಎಂದು ಕೆಲವರು ಆಡಿಕೊಂಡರು. ಆಡಿಕೊಂಡದ್ದರಲ್ಲಿ ನ್ಯಾಯವಿಲ್ಲದಿಲ್ಲ.

ಒರಾಕಲ್ ಅದನ್ನು ಕೂಡಲೇ ಕೊಂದುಹಾಕೀತೆಂಬ ಭಯ ನಿಜವಾಗಲಿಲ್ಲವೆಂಬುದನ್ನೂ ಹೇಳಬೇಕು. ೨೦೧೮ರಲ್ಲಿ ಬಂದ ೮.೦ ಆವೃತ್ತಿ ಉತ್ತಮವಾದುದೆಂದು ಬಲ್ಲವರೇ ಹೊಗಳುತ್ತಾರೆ. ಆದರೆ ೨೦೨೫ರ ಸೆಪ್ಟೆಂಬರಿನಲ್ಲಿ ಮೈಎಸ್‌ಕ್ಯುಎಲ್ ತಂಡದ ಹಲವರನ್ನು ಕೆಲಸದಿಂದ ತೆಗೆದ ಸುದ್ದಿ ಬಂದಿತು. ಇದನ್ನು ಸ್ವತಂತ್ರ ಪ್ರತಿಷ್ಠಾನವೊಂದಕ್ಕೆ ಒಪ್ಪಿಸಿಬಿಡಿ ಎಂಬ ಮಾತು ಬಳಸುವವರಲ್ಲಿ ಕೇಳಿಬರುತ್ತಿದೆ. ಒಪ್ಪಿಸಬೇಕೆಂಬುದೇ ನನ್ನ ಅಭಿಪ್ರಾಯ. ಒಪ್ಪಿಸುತ್ತಾರೆಂಬ ನಂಬಿಕೆ ಮಾತ್ರ ನನಗಿಲ್ಲ.

ಮೂಲ ಬರಹ ಮುಕ್ತವಾಗಿದೆ, ಬೇಕಾದವರು ನಕಲು ಮಾಡಿಕೊಂಡು ಬೇರೆ ಸಂಸಾರ ಹೂಡಬಹುದಲ್ಲ ಎಂದು ಒಬ್ಬ ಶಿಷ್ಯ ವಾದಿಸಿದನು. ಹೂಡಿಯೂ ಇದ್ದಾರೆ. ೨೦೦೯ರಲ್ಲಿ ವಿಡೇನಿಯಸ್ಸೇ ಕಿರಿಯ ಮಗಳ ಹೆಸರಿನಲ್ಲಿ ಮಾರಿಯಾಡಿಬಿಯನ್ನು ಆರಂಭಿಸಿದನು. ವಿಕಿಪೀಡಿಯ ೨೦೧೩ರಲ್ಲಿ ಅದಕ್ಕೆ ಬದಲಾಯಿತು. ನಮ್ಮ ಕನ್ನಡ ವಿಕಿಪೀಡಿಯದ ಪುಟಗಳೂ ಇಂದು ಅಲ್ಲಿಯೇ ಇವೆ. ಆದರೆ ಅದರ ಹಿಂದಿನ ಕಂಪನಿ ೨೦೨೨ರ ಡಿಸೆಂಬರಿನಲ್ಲಿ ಷೇರುಪೇಟೆಗೆ ಇಳಿದು, ಬೆಲೆ ಪಾತಾಳ ಕಂಡು, ೨೦೨೪ರಲ್ಲಿ ಒಂದು ಹೂಡಿಕೆ ಸಂಸ್ಥೆಯ ಪಾಲಾಯಿತು. ತಂತ್ರಾಂಶ ಉಳಿದುಕೊಂಡಿದೆ, ೨೦೧೨ರಲ್ಲಿ ಸ್ಥಾಪಿತವಾದ ಪ್ರತಿಷ್ಠಾನವೂ ಇದೆ. ಆದರೂ ಮನೆ ಬೇರೆಯಾದಾಗಲೆಲ್ಲ ಪಾತ್ರೆಪಡಗದೊಡನೆ ಶಕ್ತಿಯೂ ಹಂಚಿಹೋಗುತ್ತದೆಂಬುದನ್ನು ಅವಿಭಕ್ತ ಕುಟುಂಬದಲ್ಲಿ ಬೆಳೆದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪೋಸ್ಟ್‌ಗ್ರೆಸ್‌ನ ಕಥೆಯೇ ಬೇರೆ. ಅದು ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ೧೯೮೬ರಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಎಂಬ ಪ್ರಾಧ್ಯಾಪಕನ ಸಂಶೋಧನೆಯಾಗಿ ಮೊದಲಾಯಿತು. ವಿಶ್ವವಿದ್ಯಾಲಯ ಕೈಬಿಟ್ಟ ಮೇಲೆ ಊರೂರಿನ ಸ್ವಯಂಸೇವಕರು ಎತ್ತಿಕೊಂಡು ಸಾಕಿದರು. ೧೯೯೬ರಲ್ಲಿ ಪೋಸ್ಟ್‌ಗ್ರೆಸ್‌ಕ್ಯುಎಲ್ ಎಂಬ ಈಗಿನ ಹೆಸರು ಬಂದಿತು. ಅದಕ್ಕೆ ಒಡೆಯನಾದ ಕಂಪನಿಯಿಲ್ಲ. ಅಲ್ಲಿನ ಒಂದು ಪದ್ಧತಿಯನ್ನು ಕೇಳಿ ನಾನು ಬಹಳ ಹೊತ್ತು ಮೆಚ್ಚಿಕೊಂಡೆ. ಅದರ ಮುಖ್ಯ ಮಂಡಳಿಯಲ್ಲಿ ಯಾವ ಒಂದು ಕಂಪನಿಯ ನೌಕರರೂ ಅರ್ಧಕ್ಕಿಂತ ಹೆಚ್ಚಿರಕೂಡದು. ಬಹುಕಾಲ ಅದು ಬರೆಯದೆಯೇ ನಡೆದುಬಂದ ನಿಯಮ. ೨೦೨೦ರಲ್ಲಿ ಇಡಿಬಿ ಎಂಬ ಕಂಪನಿ ಇನ್ನೊಂದು ಕಂಪನಿಯನ್ನು ಕೊಂಡಾಗ, ಮಂಡಳಿಯ ಐವರಲ್ಲಿ ಮೂವರು ಒಂದೇ ಸಂಸ್ಥೆಯವರಾಗಿಬಿಟ್ಟರು. ಮಂಡಳಿ ಅದನ್ನು ಮುಚ್ಚಿಡಲಿಲ್ಲ; ತಾನಾಗಿಯೇ ಬಹಿರಂಗವಾಗಿ ಹೇಳಿಕೊಂಡು, ಮರುತಿಂಗಳೇ ಬೇರೆ ಕಂಪನಿಗಳಲ್ಲಿದ್ದ ಇಬ್ಬರನ್ನು ಸೇರಿಸಿಕೊಂಡಿತು. ಏಳರಲ್ಲಿ ಮೂರು. ಲೆಕ್ಕ ಸರಿಹೋಯಿತು! ನಮ್ಮ ಸಹಕಾರ ಸಂಘಗಳ ಆಡಳಿತ ಮಂಡಳಿಗಳನ್ನು ಕಂಡವರಿಗೆ ಇದರ ಬೆಲೆ ಗೊತ್ತಾಗುತ್ತದೆ.

೨೦೨೫ರಲ್ಲಿ ಡೇಟಾಬ್ರಿಕ್ಸ್ ಕಂಪನಿ ನಿಯಾನ್ ಅನ್ನು ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಬೆಲೆ ಸುಮಾರು ನೂರು ಕೋಟಿ ಡಾಲರ್. ಸ್ನೋಫ್ಲೇಕ್ ಕಂಪನಿ ಕ್ರಂಚಿ ಡೇಟಾವನ್ನು ಕೊಂಡಿತು. ಎರಡೂ ಪೋಸ್ಟ್‌ಗ್ರೆಸ್ ನಂಬಿ ಬೆಳೆದವು. ಹಿಂದೆ ಮೈಎಸ್‌ಕ್ಯುಎಲ್ ಮಾರಾಟವಾದಷ್ಟೇ ದೊಡ್ಡ ಮೊತ್ತ, ಆದರೆ ಪೋಸ್ಟ್‌ಗ್ರೆಸ್ ಮಾತ್ರ ಮಾರಾಟವಾಗಲಿಲ್ಲ. ಮಾರುವ ಅಧಿಕಾರ ಯಾರಿಗೂ ಇರಲಿಲ್ಲ. ಹಾಗೆಂದು ನಿಶ್ಚಿಂತೆಯಿಂದ ಇರುವಂತಿಲ್ಲ. ನುರಿತ ಕೆಲಸಗಾರರೆಲ್ಲ ನಾಲ್ಕಾರು ದೊಡ್ಡ ಕಂಪನಿಗಳ ಸಂಬಳದಲ್ಲಿರುವಾಗ, ಯಾವ ಕೆಲಸ ಮೊದಲು ನಡೆಯಬೇಕೆಂಬುದನ್ನು ಸಂಬಳವೇ ನಿರ್ಧರಿಸೀತು.

ನನ್ನ ವಾದಕ್ಕೆ ಒಂದು ಅಪವಾದವುಂಟು. ನಿಮ್ಮ ಜೇಬಿನ ದೂರವಾಣಿಯೊಳಗೆ ಕುಳಿತಿರುವ ಎಸ್‌ಕ್ಯುಲೈಟ್ ೨೦೦೦ದಲ್ಲಿ ಬಂದುದು. ಅದನ್ನು ರಚಿಸಿದ ರಿಚರ್ಡ್ ಹಿಪ್ ಹಕ್ಕುಸ್ವಾಮ್ಯವನ್ನೇ ತ್ಯಜಿಸಿ ಲೋಕಕ್ಕೆ ಬಿಟ್ಟುಕೊಟ್ಟಿದ್ದಾನೆ. ಆದರೂ ಹೊರಗಿನವರ ಬರಹವನ್ನು ಸಾಮಾನ್ಯವಾಗಿ ಒಳಗೆ ಸೇರಿಸುವುದಿಲ್ಲ. ಒಂದು ಪುಟ್ಟ ಕೈಗುಂಪು, ಅಚ್ಚುಕಟ್ಟಾದ ಕೆಲಸ. ಇಂಥ ನೀರುಗಂಟಿ ಸಿಕ್ಕಿದ ಊರು ಪುಣ್ಯವಂತ ಊರು. ಎಲ್ಲ ಊರುಗಳೂ ಆ ಪುಣ್ಯವನ್ನು ನಂಬಿ ಕೂರಲಾಗದು.

ಆದ್ದರಿಂದ ನಿಮ್ಮಲ್ಲಿ ಹಿರಿಯ ಹುದ್ದೆಗಳಲ್ಲಿರುವವರಿಗೆ ನನ್ನ ವಿನಂತಿ. ತಂತ್ರಾಂಶವನ್ನು ಆರಿಸುವಾಗ ವೇಗವನ್ನೂ ವೆಚ್ಚವನ್ನೂ ನೋಡುವಂತೆ ತೂಬು ಯಾರ ಕೈಯಲ್ಲಿದೆಯೆಂಬುದನ್ನೂ ನೋಡಿ. ನಿಮ್ಮ ಕಂಪನಿ ಬಿಟ್ಟಿಯಾಗಿ ಬಳಸುತ್ತಿದ್ದರೆ ಹೂಳೆತ್ತಲು ಒಬ್ಬರನ್ನಾದರೂ ಕಳುಹಿಸಿ. ಹಿಂದೆ ಮನೆಗೊಬ್ಬರು ಬರುತ್ತಿದ್ದರಲ್ಲವೇ? ಪೋಸ್ಟ್‌ಗ್ರೆಸ್‌ನವರಲ್ಲಿ, ತಿದ್ದುಪಡಿ ಕಳುಹಿಸಿದವರು ಬೇರೊಬ್ಬರ ತಿದ್ದುಪಡಿಯೊಂದನ್ನಾದರೂ ಪರಿಶೀಲಿಸಿಕೊಡಬೇಕೆಂಬ ನಿರೀಕ್ಷೆಯಿದೆ. ಉಕ್ತಲೇಖನದ ದಿನ ಪುಸ್ತಕಗಳನ್ನು ಅದಲುಬದಲು ಮಾಡಿಕೊಂಡು ತಿದ್ದುತ್ತಿದ್ದಿರಷ್ಟೆ, ಹಾಗೆಯೇ. ಅಲ್ಲಿ ಪರಿಶೀಲಿಸುವವರ ಕೊರತೆ ಸದಾ ಇರುತ್ತದಂತೆ. ನಿಮ್ಮಲ್ಲಿ ಯಾರಾದರೂ ಈಗಾಗಲೇ ಆ ಕೆಲಸದಲ್ಲಿ ತೊಡಗಿದ್ದರೆ ನನಗೆ ಬರೆದು ತಿಳಿಸಿ.