ಕೆಟ್ಟರೂ ಸುಡದ ಕಂಡೆನ್ಸರ್

ಹೋದ ತಿಂಗಳು ನ್ಯಾಮತಿಗೆ ಹೋಗಿದ್ದೆ. ಜೋರು ಮಳೆ, ಕರೆಂಟು ಹೋಗೋದು ಬರೋದು ನಡೆದೇ ಇತ್ತು. ಒಂದ್ಸಲ ಬಂದಾಗ ನನ್ನ ಹಳೇ ಕಂಪ್ಯೂಟರಿನಿಂದ ಠಸ್ ಅಂತ ಸದ್ದು, ಹಿಂದೆಯೇ ಹೊಗೆ! ಬಿಚ್ಚಿ ನೋಡಿದರೆ ಕಡಲೆಕಾಳಿನಷ್ಟು ದಪ್ಪದ ಟ್ಯಾಂಟಲಮ್ ಕೆಪಾಸಿಟರ್ (ನಮ್ಮೂರ ಭಾಷೆಯಲ್ಲಿ ಕಂಡೆನ್ಸರ್) ಕರಕಲಾಗಿತ್ತು. ಅಮ್ಮ ಹೇಳಿದ್ದು ಒಂದೇ ಮಾತು: "ಕೆಟ್ರೆ ಕೆಡ್ಲಿ, ಮನೆ ಸುಡದಿದ್ರೆ ಸಾಕು."

ಎಂಜಿನಿಯರುಗಳು ಕೇಳಬೇಕಾದ ಮಾತು ಇದೇ ಅನ್ನೋದು ನನ್ನ ವಾದ.

ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನಲ್ಲಿ ಆನೋಡಿನ ಮೇಲೆ ತೆಳುವಾದ ಆಕ್ಸೈಡ್ ಪದರ ಬೆಳೆಸಿರುತ್ತಾರೆ. ವಿದ್ಯುತ್ತನ್ನು ತಡೆಯೋದು ಅದೇ. ಟ್ಯಾಂಟಲಮ್‌ನಲ್ಲಿ ಆ ಪದರ ಒಂದು ಕಡೆ ಒಡೆದರೂ ಸಾಕು, ಶಾರ್ಟ್ ಆಗಿ ಲೋಹವೇ ಹೊತ್ತಿಕೊಳ್ಳಬಹುದು. ಕರೆಂಟು ಬಂದ ಕ್ಷಣದ ನೂಕುನುಗ್ಗಲೇ ಅದಕ್ಕೆ ದೊಡ್ಡ ಶತ್ರು. ಮಳೆಗಾಲದ ನಮ್ಮೂರಲ್ಲಿ ಆ ಕ್ಷಣ ದಿನಕ್ಕೆ ಎಷ್ಟು ಸಲ ಬರುತ್ತೋ...

ನಯೋಬಿಯಮ್ ಟ್ಯಾಂಟಲಮ್‌ನ ತಮ್ಮ ಇದ್ದ ಹಾಗೆ. ಆವರ್ತ ಕೋಷ್ಟಕದಲ್ಲಿ ಅದರ ನೇರ ಮೇಲಿನ ಮನೆ. ಸಾಂದ್ರತೆ 8.57, ಅಣ್ಣನದು 16.6. ಸೋವಿಯತ್ ಒಕ್ಕೂಟದಲ್ಲಿ 1960ರ ದಶಕದಲ್ಲೇ ಇದರ ಕೆಪಾಸಿಟರ್ ಮಾಡಿದ್ದರು. 2000ದಲ್ಲಿ ಮೊಬೈಲ್ ಭರಾಟೆಗೆ ಟ್ಯಾಂಟಲಮ್ ಬೆಲೆ ಗಗನಕ್ಕೇರಿದಾಗ ಉಳಿದವರಿಗೂ ಇದರ ನೆನಪಾಯ್ತು. ಇದರ ಅದಿರು ಬ್ರೆಜಿಲ್‌ನಲ್ಲಿ ಧಾರಾಳ.

ನನಗೆ ಹಿಡಿಸಿದ್ದು ಬೆಲೆಯಲ್ಲ, ಗುಣ. ಆನೋಡನ್ನು ನಯೋಬಿಯಮ್ ಮೋನಾಕ್ಸೈಡಿನಿಂದ ಮಾಡಿದರೆ, ಪದರ ಒಡೆದ ಜಾಗ ಬಿಸಿಯಾಗಿ ಹೆಚ್ಚು ರೋಧವಿರುವ ಬೇರೊಂದು ಆಕ್ಸೈಡ್ ಆಗುತ್ತೆ. ಹರಿವು ಅಲ್ಲೇ ಕಟ್ಟಿಕೊಳ್ಳುತ್ತೆ. ಕೆಪಾಸಿಟರ್ ಸೊರಗುತ್ತೆ, ಆದರೆ ಬೆಂಕಿ ಹತ್ತೋದು ಬಹಳ ಕಷ್ಟ.

ಕೊರತೆ ಇಲ್ಲವೇ? ಇದೆ. ಸೋರಿಕೆ ಕರೆಂಟು ಜಾಸ್ತಿ. ಸಾಮಾನ್ಯವಾಗಿ 10 ವೋಲ್ಟಿನೊಳಗಿನ ಕೆಲಸಕ್ಕಷ್ಟೇ ಸರಿ. ಅದರ ಆಕ್ಸೈಡಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 41, ಟ್ಯಾಂಟಲಮ್‌ನದು 27. ಆದರೆ ಪದರ ದಪ್ಪ ಬೇಕಾಗೋದರಿಂದ ಆ ಲಾಭವೆಲ್ಲ ಅಲ್ಲೇ ಖರ್ಚು. ಇರಲಿ. ಮನೆಯ ಸಾಧನಗಳ 3.3, 5 ವೋಲ್ಟ್ ಸರ್ಕ್ಯೂಟುಗಳಿಗೆ ಇಷ್ಟು ಸಾಕಲ್ಲ?

2023ರಲ್ಲಿ ಕೇಂದ್ರ ಸರ್ಕಾರ 30 ನಿರ್ಣಾಯಕ ಖನಿಜಗಳ ಪಟ್ಟಿ ಮಾಡಿತು. ಅಣ್ಣ ತಮ್ಮ ಇಬ್ಬರೂ ಅದರಲ್ಲಿದ್ದಾರೆ. ಎಲ್ಲರದೂ ಎಲ್ಲಿ ಅಗೆಯೋಣ ಅನ್ನೋ ಮಾತೇ. ಯಾವುದಕ್ಕೆ ಯಾವುದನ್ನು ಬಳಸೋಣ ಅಂತಲೂ ಮಾತಾಡಬೇಕು. ವಸ್ತು ಹೇಗೆ ಕೆಲಸ ಮಾಡುತ್ತೆ ಅಂತ ಕಂಪನಿ ಹೇಳುತ್ತೆ. ಹೇಗೆ ಕೆಡುತ್ತೆ ಅಂತ ನಾವೇ ಕೇಳಬೇಕು.

ನೀವೇನಂತೀರಿ?